ಸ್ಪ್ಲೂಗೆನ್ ಘಾಟಿ ಹತ್ತಿ ಇಟಲಿಗೆ ಇಳಿದದ್ದು: ನನ್ನ ಅನುಭವ

ದಕ್ಷಿಣ ಜರ್ಮನಿಯ ಫ್ರೀಡ್ರಿಷ್ಸ್‌ಹಾಫೆನ್‌ನಲ್ಲಿರುವ ನಮ್ಮ ಮನೆಗೆ ಅಪ್ಪ ಅಮ್ಮ ಕೊಪ್ಪದಿಂದ ಬಂದು ಮೂರು ವಾರವಾಗಿತ್ತು. 2025ರ ಸೆಪ್ಟೆಂಬರ್ ಕೊನೆಯ ಶನಿವಾರ ನಾವು ನಾಲ್ವರೂ ನಮ್ಮ ಕಾರಿನಲ್ಲಿ ಹೊರಟು, ಸ್ವಿಟ್ಜರ್ಲೆಂಡಿನ ಸ್ಪ್ಲೂಗೆನ್ ಹಳ್ಳಿಯಿಂದ ಅದೇ ಹೆಸರಿನ ಪಾಸ್ (ಘಾಟಿ ದಾರಿ) ಹತ್ತಿ, ಆಚೆ ಬದಿಯ ಇಟಲಿಯ ಕಿಯಾವೆನ್ನಾ ಪಟ್ಟಣಕ್ಕೆ ಇಳಿದು, ಒಂದು ರಾತ್ರಿ ಉಳಿದು ಅದೇ ದಾರಿಯಲ್ಲಿ ಹಿಂದಿರುಗಿದೆವು. ಊರಿನಿಂದ ಬಂದ ತಂದೆತಾಯಿಯರನ್ನು ಕರೆದುಕೊಂಡು ಇಂಥ ಸಣ್ಣ ಗಡಿ ದಾಟುವ ಯೋಚನೆ ಇರುವವರಿಗೆ ಉಪಯೋಗವಾಗಲೆಂದು, ನಾವು ಮಾಡಿದ್ದನ್ನು ಮಾಡಿದ ಹಾಗೆಯೇ ಬರೆಯುತ್ತಿದ್ದೇನೆ.

ಹೊರಡುವ ಮೊದಲು ಅಪ್ಪನನ್ನು ಕಾಡಿದ್ದು ವೀಸಾ. ಅವರಿಬ್ಬರದೂ ಒಂದೇ ಪ್ರವೇಶದ ಷೆಂಗೆನ್ ವೀಸಾ, ಅಂದರೆ ಒಳಗಡಿ ತೆರೆದಿಟ್ಟಿರುವ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾ. ಜರ್ಮನಿ ಬಿಟ್ಟು ಹೊರಗೆ ಕಾಲಿಟ್ಟರೆ ಆ ಒಂದು ಪ್ರವೇಶ ಮುಗಿದು, ಮರಳಿ ಬಿಡುವುದಿಲ್ಲವೇನೋ ಎಂಬ ಆತಂಕ ಅವರದು. ಇದೇ ಪ್ರಶ್ನೆಯನ್ನು ಬೇರೆ ಕನ್ನಡ ಕುಟುಂಬಗಳಿಂದಲೂ ಕೇಳಿದ್ದೇನೆ, ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ. ಪ್ರವೇಶದ ಲೆಕ್ಕ ಹಾಕುವುದು ಇಡೀ ಷೆಂಗೆನ್ ಪ್ರದೇಶದ ಹೊರಗಡಿಯಲ್ಲಿ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲದಿದ್ದರೂ 2008ರ ಡಿಸೆಂಬರ್‌ನಿಂದ ಷೆಂಗೆನ್‌ನ ಒಳಗೇ ಇರುವುದರಿಂದ, ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಇಟಲಿಗಳ ನಡುವೆ ಓಡಾಡುವುದು ಒಂದೇ ಮನೆಯ ಕೋಣೆಯಿಂದ ಕೋಣೆಗೆ ಹೋದ ಹಾಗೆ. ನನಗೂ ನನ್ನ ಹೆಂಡತಿಗೂ ಜರ್ಮನಿಯ ವಾಸ ಪರವಾನಗಿ ಇದೆ. ಅದರ ಆಧಾರದ ಮೇಲೆ ಉಳಿದ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಇರಬಹುದು. ಆದರೆ ಗಡಿಯಲ್ಲಿ ಕೇಳುವುದಿಲ್ಲ ಎಂದುಕೊಂಡು ಪಾಸ್‌ಪೋರ್ಟನ್ನು ಮನೆಯಲ್ಲಿ ಬಿಟ್ಟುಬರುವುದು ತಪ್ಪು. ಪರವಾನಗಿ ಕಾರ್ಡಿನ ಜೊತೆಗೆ ಮೂಲ ಪಾಸ್‌ಪೋರ್ಟ್ ಕೈಯಲ್ಲಿರಲೇಬೇಕು. ಅಮ್ಮ ನಾಲ್ಕನ್ನೂ ವಿಮೆಯ ಕಾಗದಗಳನ್ನೂ ಒಂದು ಬಟ್ಟೆಯ ಚೀಲದಲ್ಲಿ ಹಾಕಿ, ಎರಡು ದಿನವೂ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು.

ಎರಡನೆಯ ಸಿದ್ಧತೆ ರಸ್ತೆ ತೆರಿಗೆಯದು. ಸ್ವಿಟ್ಜರ್ಲೆಂಡಿನ ಹೆದ್ದಾರಿಗಳಲ್ಲಿ ಓಡಿಸಲು ವಿನ್ಯೆಟ್ (ಹೆದ್ದಾರಿ ತೆರಿಗೆ ಕಟ್ಟಿದ ಚೀಟಿ) ಬೇಕು. ಬೆಲೆ 40 ಫ್ರಾಂಕ್. ಇಲ್ಲದೆ ಸಿಕ್ಕಿಬಿದ್ದರೆ ದಂಡ 200 ಫ್ರಾಂಕ್. 2023ರಿಂದ ಅದನ್ನು ಕಾರಿನ ನಂಬರಿಗೆ ಜೋಡಿಸಿ ಮೊಬೈಲಿನಲ್ಲೇ ಕೊಳ್ಳಬಹುದು. ನಾನು ಅವಸರದಲ್ಲಿ ಹುಡುಕಿದಾಗ ಮೊದಲು ಕಂಡ ತಾಣ ಸರ್ಕಾರದ್ದಾಗಿರದೆ ಮಧ್ಯವರ್ತಿಯದಾಗಿತ್ತು, ಸೇವಾ ಶುಲ್ಕವೆಂದು ಹೆಚ್ಚು ಹಣ ಹೋಯಿತು. 40 ಫ್ರಾಂಕಿಗಿಂತ ಒಂದು ಪೈಸೆ ಹೆಚ್ಚು ತೋರಿಸಿದರೂ ಅದು ಸರಿಯಾದ ಜಾಗವಲ್ಲ ಎಂದು ತಿಳಿಯಿರಿ. ದಾರಿಯಲ್ಲಿ ಸಿಗುವ ಆಸ್ಟ್ರಿಯಾದ ವಿನ್ಯೆಟ್ ನಮಗೆ ಬೇಕಾಗಲಿಲ್ಲ, ಏಕೆಂದರೆ ಜರ್ಮನಿಯ ಗಡಿಯಿಂದ ಹೋಹೆನೆಮ್ಸ್ ಊರಿನವರೆಗಿನ ಹೆದ್ದಾರಿಗೆ 2019ರ ಡಿಸೆಂಬರ್‌ನಿಂದ ವಿನಾಯಿತಿ ಇದೆ, ನಾವು ಅಲ್ಲಿಯೇ ತಿರುಗಿ ಸ್ವಿಟ್ಜರ್ಲೆಂಡಿಗೆ ದಾಟಿದೆವು. ಬಾಡಿಗೆ ಕಾರಾದರೆ ಯಾವ ಯಾವ ದೇಶಕ್ಕೆ ಒಯ್ಯಬಹುದೆಂದು ಕರಾರುಪತ್ರದಲ್ಲಿ ಓದಿಕೊಳ್ಳಬೇಕು.

ಕೂರ್, ತೂಸಿಸ್ ಊರುಗಳನ್ನು ದಾಟಿ ಸ್ಪ್ಲೂಗೆನ್ ತಲುಪಿದಾಗ ಹತ್ತೂವರೆ. ಹಳ್ಳಿಯೇ ಸುಮಾರು 1,450 ಮೀಟರ್ ಎತ್ತರದಲ್ಲಿದೆ, ಪಾಸ್‌ನ ನೆತ್ತಿ 2,114 ಮೀಟರ್. ಚಳಿಗಾಲದಲ್ಲಿ ಹಿಮ ಬಿದ್ದ ಮೇಲೆ ಈ ರಸ್ತೆಯನ್ನು ಮುಚ್ಚಿಬಿಡುತ್ತಾರೆ, ಮತ್ತೆ ತೆರೆಯುವುದು ವಸಂತ ಕಳೆಯುವ ಹೊತ್ತಿಗೆ. ಹಾಗಾಗಿ ಹೊರಡುವ ದಿನ ಬೆಳಿಗ್ಗೆ ಪಾಸ್ ತೆರೆದಿದೆಯೇ ಎಂದು ನೋಡಿಕೊಂಡೇ ಹೊರಡಬೇಕು. ಈ ರಸ್ತೆಯನ್ನು 1818 ಮತ್ತು 1823ರ ನಡುವೆ ಕಟ್ಟಿಸಿದವನು ಎಂಜಿನಿಯರ್ ಕಾರ್ಲೊ ದೊನೆಗಾನಿ, ಲೊಂಬಾರ್ದಿ ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. 1882ರಲ್ಲಿ ಗೋಟ್‌ಹಾರ್ಡ್ ರೈಲು ಮಾರ್ಗವೂ, 1967ರಲ್ಲಿ ಪಕ್ಕದ ಸಾನ್ ಬರ್ನಾರ್ದಿನೊ ಸುರಂಗವೂ ತೆರೆದ ಮೇಲೆ ದೊಡ್ಡ ಸಂಚಾರವೆಲ್ಲ ಅತ್ತ ಹೋಯಿತು. ರಸ್ತೆ ಇಂದಿಗೂ ಇಷ್ಟು ಕಿರಿದಾಗಿ, ಶಾಂತವಾಗಿ ಉಳಿದಿರುವುದಕ್ಕೆ ಅದೇ ಕಾರಣವೆಂದು ನನಗೆ ಅನ್ನಿಸುತ್ತದೆ. ಬರೀ ಇಟಲಿ ಸೇರುವುದಷ್ಟೇ ಗುರಿಯಾದವರಿಗೆ ಸುರಂಗದ ದಾರಿಯೇ ವಾಸಿ.

ಹತ್ತುವುದು ಕಷ್ಟವೆನಿಸಲಿಲ್ಲ. ಹುಲ್ಲುಗಾವಲಿನ ಮೇಲೆ ಹಗ್ಗ ಮಡಿಸಿಟ್ಟ ಹಾಗೆ ಒಂದರ ಮೇಲೊಂದು ಹೇರ್‌ಪಿನ್ ತಿರುವುಗಳು ಬರುತ್ತವೆ. ಮೇಲಿನ ಮೂರ್ನಾಲ್ಕು ತಿರುವುಗಳಲ್ಲಿ ಇಳಿಯುತ್ತಿರುವ ಗಾಡಿ ಇದೆಯೇ ಎಂದು ಕೆಳಗಿನಿಂದಲೇ ಕಾಣುವುದು ದೊಡ್ಡ ಅನುಕೂಲ. ನಮ್ಮ ಆಗುಂಬೆಯಲ್ಲಿ ಕಾಡು ಅದನ್ನು ಮರೆಮಾಡುತ್ತದೆ. ನೆತ್ತಿಯಲ್ಲಿ ಗಡಿಯ ಫಲಕ, ಹಳೆಯ ಕಟ್ಟಡ, ಮತ್ತು ಬೀಸುವ ಗಾಳಿ. ನಮ್ಮನ್ನು ಯಾರೂ ತಡೆಯಲಿಲ್ಲ. ಅಲ್ಲಿ ಉತ್ತರಕ್ಕೆ ಬಿದ್ದ ಮಳೆ ಹಿಂಟರ್‌ರೈನ್ ಹೊಳೆ ಸೇರಿ ರೈನ್ ನದಿಯಾಗಿ ಉತ್ತರ ಸಮುದ್ರಕ್ಕೆ, ದಕ್ಷಿಣಕ್ಕೆ ಬಿದ್ದದ್ದು ಕೋಮೊ ಸರೋವರದ ಮೂಲಕ ಪೋ ನದಿ ಸೇರಿ ಆಡ್ರಿಯಾಟಿಕ್‌ಗೆ ಹರಿಯುತ್ತದೆ ಎಂದು ಹೇಳಿದಾಗ ಅಪ್ಪನಿಗೆ ಜಾಗ ತಟ್ಟನೆ ಅರ್ಥವಾಯಿತು. ತುಂಗೆ ಪೂರ್ವಕ್ಕೂ ಸೀತಾನದಿ ಪಶ್ಚಿಮಕ್ಕೂ ಹೋಗುವ ಸೀಮೆಯವರು ಅವರು. ನೆತ್ತಿಯಿಂದ ಸ್ವಲ್ಪ ಕೆಳಗೆ ಮೊಂತೆಸ್ಪ್ಲೂಗಾ ಹಳ್ಳಿ, ಅದರ ಪಕ್ಕದಲ್ಲಿ 1931ರಲ್ಲಿ ಮುಗಿದ ಅಣೆಕಟ್ಟೆಯ ಸರೋವರ. ಅದರ ದಡದಲ್ಲಿ ಕುಳಿತು ಚಪಾತಿ, ಚಟ್ನಿಪುಡಿ, ಮೊಸರನ್ನ ತಿಂದೆವು.

ನಿಜವಾದ ಕೆಲಸ ಇಲ್ಲಿಂದ ಮುಂದೆ. ಕಿಯಾವೆನ್ನಾ ಇರುವುದು 333 ಮೀಟರ್ ಎತ್ತರದಲ್ಲಿ. ಅಂದರೆ ನೆತ್ತಿಯಿಂದ ಸುಮಾರು 30 ಕಿಲೋಮೀಟರ್ ದೂರದೊಳಗೆ 1,780 ಮೀಟರ್ ಇಳಿಯಬೇಕು. ಸರೋವರ ದಾಟಿದ ಕೂಡಲೇ ಹಿಮಕುಸಿತದಿಂದ ರಕ್ಷಿಸಲು ರಸ್ತೆಗೆ ಕಲ್ಲಿನ ಚಾವಣಿ ಹೊದಿಸಿದ ಗ್ಯಾಲರಿಗಳು ಸಿಗುತ್ತವೆ. ಕಣಿವೆಯ ಬದಿಯ ಕಿಂಡಿಗಳಿಂದ ಬಿಸಿಲು ಪಟ್ಟಿ ಪಟ್ಟಿಯಾಗಿ ಒಳಗೆ ಬೀಳುವುದರಿಂದ ಕಣ್ಣಿಗೆ ಬೆಳಕೂ ಕತ್ತಲೆಯೂ ಸರಸರನೆ ಬದಲಾಗಿ, ಎದುರಿನ ಗಾಡಿ ತೀರಾ ಹತ್ತಿರ ಬಂದಾಗಲೇ ಕಾಣುತ್ತದೆ. ತಂಪು ಕನ್ನಡಕ ತೆಗೆದು, ದೀಪ ಹಾಕಿ, ನಡೆಯುವ ವೇಗಕ್ಕಿಂತ ಸ್ವಲ್ಪವೇ ಹೆಚ್ಚಾಗಿ ಹೋದೆ.

ಪಿಯಾನಾತ್ಸೊ ಹಳ್ಳಿ ಸಮೀಪಿಸುವಾಗ ಕಾರಿನೊಳಗೆ ಸುಟ್ಟ ರಬ್ಬರಿನಂಥ ವಾಸನೆ ಬಂತು. ನಾನು ಹೊರಗಿನದಿರಬೇಕೆಂದುಕೊಂಡೆ. ಮುಂದಿನ ಸೀಟಿನಲ್ಲಿದ್ದ ಅಪ್ಪ ಕೂಡಲೇ, "ಬ್ರೇಕ್ ಕಾಯ್ತಾ ಇದೆ ಮಾರಾಯ, ಜಾಗ ಸಿಕ್ಕಿದಲ್ಲಿ ನಿಲ್ಸು" ಎಂದರು. ಅವರು ಇಪ್ಪತ್ತು ವರ್ಷ ಅಡಿಕೆ ಮೂಟೆ ಹೇರಿದ ಜೀಪನ್ನು ಆಗುಂಬೆ ಘಾಟಿಯಲ್ಲಿ ಇಳಿಸಿದವರು. ನಮ್ಮದು ಆಟೋಮ್ಯಾಟಿಕ್ ಗೇರಿನ ಕಾರು. ಅದನ್ನು ಡಿ ಸ್ಥಾನದಲ್ಲೇ ಬಿಟ್ಟು, ಪ್ರತಿ ತಿರುವಿಗೂ ಬ್ರೇಕ್ ಒತ್ತುತ್ತ ಬಂದಿದ್ದೆ. ನಾಲ್ಕು ಜನ, ಎರಡು ಪೆಟ್ಟಿಗೆ ತುಂಬಿದ ಕಾರು ಇಳಿಜಾರಿನಲ್ಲಿ ಕಳೆದುಕೊಳ್ಳುವ ಶಕ್ತಿಯೆಲ್ಲ ಬ್ರೇಕಿನ ಡಿಸ್ಕಿನಲ್ಲಿ ಶಾಖವಾಗುತ್ತದೆ, ಶಾಖ ಮಿತಿ ಮೀರಿದರೆ ಪೆಡಲ್ ಒತ್ತಿದರೂ ಹಿಡಿತ ಸಿಗುವುದಿಲ್ಲ. ಬದಿಯಲ್ಲಿ ನಿಲ್ಲಿಸಿ ಇಳಿದು ನೋಡಿದಾಗ ಮುಂದಿನ ಚಕ್ರದ ಹತ್ತಿರ ಅಂಗೈ ಹಿಡಿಯಲಾಗದಷ್ಟು ಬಿಸಿ. ಅರ್ಧ ಗಂಟೆ ಕಾದೆವು. ಬಿಸಿ ಡಿಸ್ಕಿನ ಮೇಲೆ ನೀರು ಹಾಕಬಾರದು, ಅದು ಸೊಟ್ಟಗಾಗುತ್ತದೆ, ತಾನಾಗಿಯೇ ಆರಬೇಕು. "ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ" ಎಂದು ಅಪ್ಪ ಹೇಳಿದ್ದನ್ನು ಅನುಸರಿಸಿ, ಮ್ಯಾನುವಲ್ ಸ್ಥಾನಕ್ಕೆ ತಂದು ಎರಡನೆಯ ಗೇರಿನಲ್ಲಿ ಹೊರಟೆ. ಎಂಜಿನ್ ಗುಂಯ್ ಎನ್ನುತ್ತ ಗಾಡಿಯನ್ನು ತಾನೇ ಹಿಡಿದುಕೊಂಡಿತು. ತಿರುವಿಗೆ ಮೊದಲು ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ ಪೂರ್ತಿ ಬಿಟ್ಟುಬಿಡುವುದು, ಮೇಲೆಯೇ ಕಾಲಿಟ್ಟುಕೊಂಡು ಬರಬಾರದು ಎಂಬುದೂ ಅವರಿಂದ ಕಲಿತದ್ದೇ.

ಪಿಯಾನಾತ್ಸೊ ಮತ್ತು ಕಾಂಪೊದೊಲ್ಚಿನೊ ನಡುವಿನ ಭಾಗ ಇಡೀ ದಾರಿಯಲ್ಲೇ ಕಠಿಣ. ಬಂಡೆಗೆ ಅಂಟಿಕೊಂಡ ತಿರುವುಗಳು, ಅವುಗಳಲ್ಲಿ ಕೆಲವು ಸುರಂಗದೊಳಗೇ ಇವೆ. ಅಲ್ಲಿ ಕೆಳಗಿನಿಂದ ಮೂರು ಸ್ವರದ ಹಾರ್ನ್ ಕೇಳಿಸಿತು. ಬೇಸಿಗೆಯಲ್ಲಿ ಈ ಪಾಸ್ ಮೇಲೆ ಓಡುವ ಸ್ವಿಸ್ ಹಳದಿ ಪೋಸ್ಟ್ ಬಸ್ಸಿನದು ಅದು. ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕೆಂಬುದು ನಮ್ಮ ಘಾಟಿಗಳ ಹಾಗೆ ಇಲ್ಲಿಯೂ ನಿಯಮ. ಸ್ವಿಸ್ ಬದಿಯಲ್ಲಂತೂ ನೀಲಿ ಫಲಕದ ಮೇಲೆ ಹಳದಿ ಅಂಚೆ ಕಹಳೆಯ ಚಿತ್ರವಿರುವ ರಸ್ತೆಯಲ್ಲಿ ಪೋಸ್ಟ್ ಬಸ್ಸಿನ ಚಾಲಕ ಹೇಳಿದ ಹಾಗೆ ಕೇಳಬೇಕು. ಹಾರ್ನ್ ಕೇಳಿದೊಡನೆ ತಿರುವಿನ ಮೇಲ್ಭಾಗದಲ್ಲೇ ನಿಂತುಬಿಡಬೇಕಿತ್ತು. ನಾನು ಒಂದು ಕಾರಿನಷ್ಟು ಮುಂದೆ ಬಂದಿದ್ದೆ. ತಿರುವಿನ ಪೂರ್ತಿ ಅಗಲವನ್ನು ಬಳಸಿ ಬಂದ ಬಸ್ಸು ನಮ್ಮೆದುರು ನಿಂತಿತು, ಚಾಲಕ ಎರಡು ಬೆರಳಿನಿಂದ ಹಿಂದಕ್ಕೆ ಎಂದು ಸನ್ನೆ ಮಾಡಿದರು. ನನ್ನ ಹೆಂಡತಿ ಇಳಿದು ಹಿಂದೆ ನಿಂತು ದಾರಿ ತೋರಿಸಿದಳು. ಬಸ್ಸು ನಮ್ಮ ಕನ್ನಡಿಗೆ ಒಂದು ಗೇಣು ಅಂತರದಲ್ಲಿ ದಾಟಿಹೋಯಿತು.

ಕಿಯಾವೆನ್ನಾದಲ್ಲಿ ಆ ರಾತ್ರಿ ಹಿಟ್ಟಿನ ಉಂಡೆಗಳಿಗೆ ಚೀಸ್, ಬೆಣ್ಣೆ ಬೆರೆಸಿದ ಬಿಳಿ ಪಿತ್ಸೊಕ್ಕೆರಿ ಉಂಡೆವು. ಇಟಲಿಯ ಊರುಗಳ ಹಳೆಯ ಬೀದಿಗಳಲ್ಲಿ ಹೊರಗಿನ ವಾಹನಗಳಿಗೆ ನಿರ್ಬಂಧವಿರುವುದು ಸಾಮಾನ್ಯವಾದ್ದರಿಂದ ಕಾರನ್ನು ಹೊರಗೇ ನಿಲ್ಲಿಸಿ ನಡೆದು ಹೋಗಿದ್ದೆವು.

ಮರಳುವಾಗ ಸ್ವಿಸ್ ಬದಿಯಲ್ಲಿ ಕಸ್ಟಮ್ಸ್ ಸಿಬ್ಬಂದಿ ಕೈ ತೋರಿಸಿ ನಿಲ್ಲಿಸಿದರು. ಜನರ ಓಡಾಟಕ್ಕೆ ಇಲ್ಲಿ ಗಡಿಯಿಲ್ಲ, ಸರಕಿಗೆ ಇದೆ. ಈ ವ್ಯತ್ಯಾಸವನ್ನು ಬಹಳ ಜನ ಮರೆಯುತ್ತಾರೆ. ಸ್ವಿಟ್ಜರ್ಲೆಂಡಿಗೆ ತೆರಿಗೆಯಿಲ್ಲದೆ ತರಬಹುದಾದ ಸರಕಿನ ಮೊತ್ತವನ್ನು 2025ರ ಜನವರಿಯಿಂದ ಒಬ್ಬರಿಗೆ 300ರಿಂದ 150 ಫ್ರಾಂಕಿಗೆ ಇಳಿಸಿದ್ದಾರೆ. ಅದರೊಳಗೂ ಕೆಲವಕ್ಕೆ ಪ್ರಮಾಣದ ಮಿತಿಯಿದೆ, ಬೆಣ್ಣೆ ಒಬ್ಬರಿಗೆ ಒಂದು ಕಿಲೋ, ಎಣ್ಣೆ ಐದು ಲೀಟರ್. ನಾವು ಕೊಂಡದ್ದು ಎರಡು ಕಿಲೋ ಚೀಸ್, ಮೂರು ಲೀಟರ್ ಆಲಿವ್ ಎಣ್ಣೆ, ಜೇನು. ರಸೀದಿಗಳನ್ನು ಒಟ್ಟಿಗೆ ಇಟ್ಟುಕೊಂಡಿದ್ದರಿಂದ ಕೇಳಿದ ಕೂಡಲೇ ತೋರಿಸಿದೆ, ಎರಡು ನಿಮಿಷದಲ್ಲಿ ಬಿಟ್ಟರು. ಪಾಸ್‌ಪೋರ್ಟ್ ಕೇಳಲಿಲ್ಲ.

ಪಾಸ್‌ಪೋರ್ಟ್ ಕೇಳಿದ್ದು ಕೊನೆಗೆ, ಆಸ್ಟ್ರಿಯಾದಿಂದ ಜರ್ಮನಿಗೆ ದಾಟುವ ಲಿಂಡಾವ್ ಬಳಿ. ಜರ್ಮನಿ 2024ರ ಸೆಪ್ಟೆಂಬರ್‌ನಿಂದ ತನ್ನ ಎಲ್ಲ ಭೂಗಡಿಗಳಲ್ಲೂ ತಾತ್ಕಾಲಿಕ ತಪಾಸಣೆ ನಡೆಸುತ್ತಿದೆ. ಪೊಲೀಸ್ ಅಧಿಕಾರಿ ಕಿಟಕಿಗೆ ಬಗ್ಗಿ ನಾಲ್ವರ ದಾಖಲೆ ಕೇಳುವಷ್ಟರಲ್ಲಿ, ಹಿಂದಿನ ಸೀಟಿನಿಂದ ಅಮ್ಮ ಚೀಲದ ದಾರ ಬಿಚ್ಚಿ, ವೀಸಾ ಇರುವ ಪುಟ ತೆರೆದೇ ಮುಂದಕ್ಕೆ ಚಾಚಿದ್ದರು.