ಡ್ರೈವರ್ ಅಪ್‌ಡೇಟ್ ಆದ ಮೇಲೆ ಟೀವಿ ಪರದೆ ಸರಿ ಮಾಡಿಕೊಂಡಿದ್ದು

ನನ್ನ ಕಂಪ್ಯೂಟರ್‌ಗೆ ಬೇರೆ ಮಾನಿಟರ್ ಇಲ್ಲ. ಎಚ್‌ಡಿಎಂಐ ಕೇಬಲ್ ಹಾಕಿ 4ಕೆ ಟೀವಿಯನ್ನೇ ಮಾನಿಟರ್ ಮಾಡಿಕೊಂಡಿದ್ದೇನೆ. ಬರೆಯೋದು, ಸಿನಿಮಾ ನೋಡೋದು ಎಲ್ಲ ಅದರಲ್ಲೇ. ಗ್ರಾಫಿಕ್ಸ್ ಡ್ರೈವರ್‌ನ, ಅಂದರೆ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್‌ನ, ಹೊಸ ಆವೃತ್ತಿ ಹಾಕಿ ರೀಸ್ಟಾರ್ಟ್ ಮಾಡಿದ ಮೇಲೆ ನೋಡಿದರೆ ಟಾಸ್ಕ್‌ಬಾರ್‌ನ ಅರ್ಧ ಪರದೆಯಿಂದ ಕೆಳಗೆ ಹೋಗಿತ್ತು. ಕಪ್ಪು ಇರಬೇಕಾದ ಕಡೆ ಬೂದು. ಅಕ್ಷರಗಳ ಅಂಚು ಮಸುಕು. ಸೌಂಡೂ ಇಲ್ಲ.

ಹೀಗಾದಾಗ ಯಾರನ್ನು ಕೇಳಿದರೂ ಮೊದಲು ಹೇಳೋದು ‘ಹಳೇ ಡ್ರೈವರ್‌ಗೆ ವಾಪಸ್ ಹೋಗು’ ಅಂತ. ದಾರಿಯೇನೋ ಸುಲಭ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ಬಿಚ್ಚಿ, ಕಾರ್ಡಿನ ಪ್ರಾಪರ್ಟೀಸ್‌ಗೆ ಹೋದರೆ ‘ರೋಲ್ ಬ್ಯಾಕ್ ಡ್ರೈವರ್’ ಬಟನ್ ಸಿಗುತ್ತದೆ. ಆದರೆ ನಾನು ಅದನ್ನು ಕೊನೆಗೆ ಇಟ್ಟುಕೊಂಡೆ. ಚಿತ್ರ ಬರುತ್ತಿದೆ, ಹ್ಯಾಂಗ್ ಆಗುತ್ತಿಲ್ಲ, ಪರದೆ ಮಿನುಗುತ್ತಿಲ್ಲ ಅಂದರೆ ಡ್ರೈವರ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಹಳೇ ಸೆಟ್ಟಿಂಗ್ ಮರೆತಿರುತ್ತದೆ ಅಷ್ಟೆ. ಹಿಂದಕ್ಕೆ ಹೋಗಿ ಸರಿಮಾಡಿಕೊಂಡರೆ ಮುಂದಿನ ಅಪ್‌ಡೇಟ್‌ಗೆ ಮತ್ತೆ ಇದೇ ಗೋಳು, ಅಲ್ವಾ?

ಏನನ್ನೂ ಮುಟ್ಟುವ ಮುಂಚೆ ಒಂದು ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಕಳಿಸಿಕೊಂಡೆ. ಇದು ಸಣ್ಣ ಉಪಾಯ, ಆದರೆ ಬಹಳ ತಲೆನೋವು ಉಳಿಸುತ್ತದೆ. ಫೋನಿನಲ್ಲಿ ಟಾಸ್ಕ್‌ಬಾರ್ ಪೂರ್ತಿ ಇತ್ತು, ಕಪ್ಪು ಕಪ್ಪಾಗೇ ಇತ್ತು, ಅಕ್ಷರ ಚೂಪಾಗಿತ್ತು. ಅಂದರೆ ಕಂಪ್ಯೂಟರ್ ಚಿತ್ರವನ್ನು ಸರಿಯಾಗೇ ಬಿಡಿಸುತ್ತಿದೆ. ಕೆಡುತ್ತಿರುವುದು ಅದು ಕಾರ್ಡಿನಿಂದ ಹೊರಟು ಟೀವಿಯ ಗಾಜು ತಲುಪುವ ನಡುವೆ. ಸ್ಕ್ರೀನ್‌ಶಾಟ್‌ನಲ್ಲೇ ಅಕ್ಷರ ಮಸುಕಾಗಿದ್ದಿದ್ದರೆ ವಿಂಡೋಸ್‌ನ ರೆಸಲ್ಯೂಶನ್, ಸ್ಕೇಲಿಂಗ್ ಕಡೆ ಹುಡುಕಬೇಕಿತ್ತು. ನನಗೆ ಆ ಕೆಲಸ ತಪ್ಪಿತು.

ಮೊದಲು ಅಂಚು. ಇದಕ್ಕೆ ಓವರ್‌ಸ್ಕ್ಯಾನ್ ಅನ್ನುತ್ತಾರೆ. ಹಳೇ ಡಬ್ಬಾ ಟೀವಿಗಳಲ್ಲಿ ಚಿತ್ರದ ಅಂಚು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಅದಕ್ಕೇ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ, ಅಂಚನ್ನು ಚೌಕಟ್ಟಿನ ಹಿಂದೆ ಮುಚ್ಚಿಬಿಡುತ್ತಿದ್ದರು. ಈಗಿನ ಚಪ್ಪಟೆ ಟೀವಿಗೆ ಅದರ ಅಗತ್ಯವೇ ಇಲ್ಲ. ಆದರೂ ಎಷ್ಟೋ ಟೀವಿಗಳು ಎಚ್‌ಡಿಎಂಐನಲ್ಲಿ ಬಂದಿದ್ದನ್ನೆಲ್ಲ ಈಗಲೂ ಹಿಗ್ಗಿಸುತ್ತವೆ. ಯಾಕೆ ಅಂತ ಕೇಳಬೇಡಿ.

ಹಿಂದಿನ ಡ್ರೈವರ್‌ನಲ್ಲಿ ಒಂದು ಸ್ಲೈಡರ್ ಎಳೆದು ಚಿತ್ರವನ್ನು ಕುಗ್ಗಿಸಿಟ್ಟಿದ್ದೆ. ಟೀವಿ ಹಿಗ್ಗಿಸಿದಾಗ ಸರಿಹೋಗುತ್ತಿತ್ತು. ಅಪ್‌ಡೇಟ್ ಆ ಸ್ಲೈಡರ್‌ನ ಲೆಕ್ಕ ಅಳಿಸಿತ್ತು. ಮತ್ತೆ ಎಳೆದರೆ ಮುಗೀತಲ್ಲ ಅನ್ನಿಸಬಹುದು. ಆದರೆ ಅದರಲ್ಲಿ ಒಂದು ನಷ್ಟವಿದೆ. 4ಕೆ ಪರದೆಯಲ್ಲಿ ಅಡ್ಡಕ್ಕೆ 3840 ಚುಕ್ಕೆ. ಶೇಕಡ 5 ಕುಗ್ಗಿಸಿದರೆ ಡ್ರೈವರ್ ಅಷ್ಟನ್ನೂ 3648 ಚುಕ್ಕೆಯೊಳಗೆ ತುರುಕುತ್ತದೆ. ಟೀವಿ ಅದನ್ನು ಎಳೆದು ಮತ್ತೆ 3840 ಮಾಡುತ್ತದೆ. ಒಂದು ಚುಕ್ಕೆಗೆ ಒಂದು ಚುಕ್ಕೆ ಅನ್ನುವ ಹೊಂದಿಕೆ ಹೋಗಿಬಿಡುತ್ತದೆ, ಸಣ್ಣ ಅಕ್ಷರ ಎಂದೂ ಚೂಪಾಗುವುದಿಲ್ಲ. ಅದಕ್ಕೆ ಈ ಸಲ ರಿಮೋಟ್ ಕೈಗೆತ್ತಿಕೊಂಡೆ. ಚಿತ್ರದ ಅಳತೆಯ ಮೆನುವಿನಲ್ಲಿ ‘ಜಸ್ಟ್ ಸ್ಕ್ಯಾನ್’ ಆನ್ ಮಾಡಿದ ಕೂಡಲೇ ಟಾಸ್ಕ್‌ಬಾರ್ ಮೇಲೆ ಬಂದು ಕೂತಿತು. ಬೇರೆ ಟೀವಿಗಳಲ್ಲಿ ಇದೇ ‘ಫಿಟ್ ಟು ಸ್ಕ್ರೀನ್’, ‘ಫುಲ್ ಪಿಕ್ಸೆಲ್’ ಅಂತೆಲ್ಲ ಇರುತ್ತದೆ. ಡ್ರೈವರ್ ಸ್ಲೈಡರ್‌ನ್ನು ಸೊನ್ನೆಯಲ್ಲೇ ಬಿಟ್ಟೆ. ಟೀವಿಯಲ್ಲಿ ಇಟ್ಟ ಸೆಟ್ಟಿಂಗನ್ನು ಕಂಪ್ಯೂಟರಿನ ಅಪ್‌ಡೇಟ್ ಮುಟ್ಟಲಾರದು, ಅದೇ ಇದರ ಲಾಭ.

ಆಮೇಲೆ ಬೂದು ಬಣ್ಣ. ಕಂಪ್ಯೂಟರ್‌ಗೆ ಕಪ್ಪು ಅಂದರೆ 0, ಬಿಳಿ ಅಂದರೆ 255. ವೀಡಿಯೊ ಲೋಕದಲ್ಲಿ ಕಪ್ಪು 16, ಬಿಳಿ 235. ಡ್ರೈವರ್‌ಗಳಲ್ಲಿ ಮೊದಲನೆಯದನ್ನು ‘ಫುಲ್’, ಎರಡನೆಯದನ್ನು ‘ಲಿಮಿಟೆಡ್’ ಅನ್ನುತ್ತಾರೆ. ಕಳಿಸುವವರು, ತೆಗೆದುಕೊಳ್ಳುವವರು ಇಬ್ಬರೂ ಒಂದೇ ಲೆಕ್ಕ ಹಿಡಿದರೆ ತೊಂದರೆ ಇಲ್ಲ. ನನ್ನ ಟೀವಿಯ ಬ್ಲ್ಯಾಕ್ ಲೆವೆಲ್‌ನ್ನು ಫುಲ್‌ಗೆ ಹೊಂದುವಂತೆ ಇಟ್ಟಿದ್ದೆ. ಹೊಸ ಡ್ರೈವರ್ ಮಾತ್ರ ‘ಇದು ಟೀವಿ ತಾನೇ’ ಅಂದುಕೊಂಡು ಲಿಮಿಟೆಡ್ ಕಳಿಸುತ್ತಿತ್ತು. ಅದು ಕಪ್ಪು ಅಂತ ಕಳಿಸಿದ 16, ಟೀವಿಗೆ ಬೂದಾಗಿ ಕಂಡಿತು. ಡ್ರೈವರ್‌ನಲ್ಲಿ ಔಟ್‌ಪುಟ್ ರೇಂಜ್ ಫುಲ್ ಮಾಡಿದೆ, ಸರಿಹೋಯಿತು. ಇದು ತಿರುಗಾಮುರುಗಾ ಆದರೆ, ಅಂದರೆ ಕಂಪ್ಯೂಟರ್ ಫುಲ್, ಟೀವಿ ಲಿಮಿಟೆಡ್ ಆದರೆ, ನೆರಳಿರುವ ದೃಶ್ಯಗಳಲ್ಲಿ ಎಲ್ಲ ಕಪ್ಪು ಮುದ್ದೆಯಾಗಿ ಕಾಣುತ್ತದೆ. ಇಂಥದ್ದನ್ನು ಬ್ರೈಟ್‌ನೆಸ್, ಕಾಂಟ್ರಾಸ್ಟ್ ತಿರುವಿ ಸರಿಮಾಡಲು ಹೋಗಬೇಡಿ. ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ಕೆಡುತ್ತದೆ.

ನಿಜವಾಗಿ ತಲೆ ತಿಂದಿದ್ದು ಅಕ್ಷರದ ಮಸುಕು. ಅಂಚು ಸರಿಯಾದ ಮೇಲೂ ಅದು ಪೂರ್ತಿ ಹೋಗಲಿಲ್ಲ. ಬಿಳಿ ಮೇಲೆ ಕಪ್ಪು ಅಕ್ಷರ ಪರವಾಗಿಲ್ಲ. ಆದರೆ ನೀಲಿ ಹಿನ್ನೆಲೆಯಲ್ಲಿ ಕೆಂಪು ಅಕ್ಷರ ಬರೆದು ಟೀವಿಯ ಹತ್ತಿರ ಮುಖ ಇಟ್ಟು ನೋಡಿದರೆ, ಕೆಂಪು ಅಕ್ಕಪಕ್ಕದ ಚುಕ್ಕೆಗಳಿಗೆ ಒಸರಿದ ಹಾಗಿತ್ತು. ತೆಳ್ಳನೆಯ ಗೆರೆಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ಕಪ್ಪು ಬಿಳುಪು ಚೆನ್ನಾಗಿದ್ದು ಬಣ್ಣದ ಅಕ್ಷರ ಮಾತ್ರ ಹೀಗಾದರೆ ಅದು ಬಣ್ಣದಲ್ಲಿ ಮಾಡಿದ ಉಳಿತಾಯ. 4:2:0 ಅನ್ನುವ ವಿಧಾನದಲ್ಲಿ ಬೆಳಕಿನ ವಿವರ ಪ್ರತಿ ಚುಕ್ಕೆಗೂ ಹೋಗುತ್ತದೆ, ಬಣ್ಣದ ವಿವರ ಮಾತ್ರ ನಾಲ್ಕು ಚುಕ್ಕೆಗೆ ಒಂದೇ. ಸಿನಿಮಾದಲ್ಲಿ ಗೊತ್ತೇ ಆಗಲ್ಲ. ಅಕ್ಷರದಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಡ್ರೈವರ್ ಯಾಕೆ ಉಳಿತಾಯಕ್ಕೆ ಇಳಿಯಿತು ಅಂತ ನೋಡಿದರೆ, ಬಣ್ಣದ ಆಳವನ್ನು, ಅಂದರೆ ಒಂದು ಬಣ್ಣಕ್ಕೆ ಎಷ್ಟು ಛಾಯೆ ಅನ್ನುವ ಲೆಕ್ಕವನ್ನು, ತಾನೇ 10 ಬಿಟ್‌ಗೆ ಏರಿಸಿಕೊಂಡಿತ್ತು. ಎಚ್‌ಡಿಎಂಐ 2.0 ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸಬಲ್ಲದು. 4ಕೆ, 60 ಹರ್ಟ್ಸ್ (ಸೆಕೆಂಡಿಗೆ 60 ಚಿತ್ರ), 8 ಬಿಟ್, ಆರ್‌ಜಿಬಿ (ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿಯ ಪೂರ್ತಿ ವಿವರ), ಇಷ್ಟಕ್ಕೇ ಸುಮಾರು 17.8 ಗಿಗಾಬಿಟ್ ಬೇಕು. 10 ಬಿಟ್ ಅಂದರೆ 22 ದಾಟುತ್ತದೆ. ಹಿಡಿಸಲ್ಲ. ಹಿಡಿಸದಿದ್ದಾಗ ಡ್ರೈವರ್ ಬಣ್ಣದ ವಿವರವನ್ನೇ ಕತ್ತರಿಸುತ್ತದೆ, ನಮಗೆ ಹೇಳುವುದೂ ಇಲ್ಲ. ನಾನು 8 ಬಿಟ್ ಮಾಡಿ ಆರ್‌ಜಿಬಿ ಆರಿಸಿದೆ. ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬಂದಾಗ ಆ ಕೆಂಪು ಅಕ್ಷರದ ಅಂಚು ಕೊರೆದಂತಿತ್ತು.

ಆರ್‌ಜಿಬಿ ಆಯ್ಕೆಯೇ ಕಾಣದಿದ್ದರೆ, ಅಥವಾ 60 ಹರ್ಟ್ಸ್ ಹೋಗಿ 30 ಮಾತ್ರ ಉಳಿದಿದ್ದರೆ, ಟೀವಿಯ ಕಡೆ ನೋಡಿ. ಟೀವಿ ತನ್ನ ಕೈಲಿ ಏನೇನು ಆಗುತ್ತದೆ ಅನ್ನುವ ಪಟ್ಟಿಯನ್ನು ಕೇಬಲ್ ಮೂಲಕ ಕಂಪ್ಯೂಟರ್‌ಗೆ ಕೊಡುತ್ತದೆ, ಇಡಿಐಡಿ ಅಂತ ಅದಕ್ಕೆ ಹೆಸರು. ಪಟ್ಟಿಯಲ್ಲಿ ಇಲ್ಲದ್ದನ್ನು ಡ್ರೈವರ್ ತೋರಿಸುವುದಿಲ್ಲ. ಎಷ್ಟೋ ಟೀವಿಗಳಲ್ಲಿ ಪ್ರತಿ ಎಚ್‌ಡಿಎಂಐ ಕಿಂಡಿಗೂ ‘ಡೀಪ್ ಕಲರ್’, ‘ಎನ್‌ಹ್ಯಾನ್ಸ್‌ಡ್’ ಅಂತ ಬೇರೆಬೇರೆ ಸ್ವಿಚ್ ಇರುತ್ತದೆ. ಅದು ಆಫ್ ಇದ್ದರೆ ಟೀವಿ ಚಿಕ್ಕ ಪಟ್ಟಿ ಕೊಡುತ್ತದೆ. ಎಲ್ಲ ಸರಿಯಿದ್ದೂ ಚಿತ್ರ ಆಗಾಗ ಕಪ್ಪಾಗಿ ಬಂದರೆ ಕೇಬಲ್ ಮೇಲೆ ಅನುಮಾನ ಪಡಿ. 30 ಹರ್ಟ್ಸ್‌ಗೆ ಸಾಕಾಗುವ ಕೇಬಲ್ 60ಕ್ಕೂ ಸಾಲಬೇಕು ಅಂತೇನಿಲ್ಲ, ಉದ್ದದ ಕೇಬಲ್ ಆದರೆ ಇನ್ನೂ ಕಷ್ಟ.

ಸೌಂಡ್ ಸಮಸ್ಯೆ ಬೇಗ ಮುಗಿಯಿತು. ಔಟ್‌ಪುಟ್ ಬೇರೆ ಕಡೆ ತಿರುಗಿತ್ತು, ವಿಂಡೋಸ್‌ನ ಸೌಂಡ್ ಔಟ್‌ಪುಟ್ ಪಟ್ಟಿಯಲ್ಲಿ ಟೀವಿಯ ಹೆಸರು ಆರಿಸಿದೆ. ಹೆಸರೇ ಇಲ್ಲದಿದ್ದರೆ ಡ್ರೈವರ್ ಜೊತೆ ಬರುವ ಆಡಿಯೊ ಭಾಗ ಇನ್‌ಸ್ಟಾಲ್ ಆಗದೇ ಇರಬಹುದು. ಟೀವಿಯ ಶಾರ್ಪ್‌ನೆಸ್ ಕೂಡ ಇಳಿಸಿದೆ. ಅದು ಜಾಸ್ತಿ ಇದ್ದರೆ ಅಕ್ಷರದ ಸುತ್ತ ಬಿಳಿ ಗೆರೆ ಏಳುತ್ತದೆ. ಇನ್‌ಪುಟ್‌ಗೆ ‘ಪಿಸಿ’ ಅಂತ ಹೆಸರು ಕೊಡಲು ಟೀವಿಯಲ್ಲಿ ಅವಕಾಶ ಇದ್ದರೆ ಕೊಟ್ಟುಬಿಡಿ. ಕೆಲವು ಟೀವಿಗಳು ಆ ಹೆಸರು ನೋಡಿಯೇ ಚಿತ್ರಕ್ಕೆ ತಾವು ಮಾಡುವ ಅಲಂಕಾರವನ್ನೆಲ್ಲ ನಿಲ್ಲಿಸುತ್ತವೆ, ಮೌಸ್ ಕೂಡ ಚುರುಕಾಗುತ್ತದೆ.

ಹೊಸ ಸೆಟ್ಟಿಂಗ್‌ಗಳ ಪುಟಗಳನ್ನೆಲ್ಲ ಫೋನಿನಲ್ಲಿ ಫೋಟೊ ಹಿಡಿದಿಟ್ಟಿದ್ದೇನೆ. ಡ್ರೈವರ್ ಮತ್ತೆ ಮರೆತರೆ ನೋಡಿಕೊಂಡು ಹಾಕಬಹುದು.

ಒಂದು ಕಿರಿಕಿರಿ ಇನ್ನೂ ಉಳಿದಿದೆ. ಟೀವಿ ಆನ್ ಮಾಡದೆ ಕಂಪ್ಯೂಟರ್ ಮೊದಲು ಶುರು ಮಾಡಿದರೆ ಕೆಲವೊಮ್ಮೆ ಆ ಇಡಿಐಡಿ ಪಟ್ಟಿ ಸರಿಯಾಗಿ ಸಿಗದೆ ಡೆಸ್ಕ್‌ಟಾಪ್ ದಪ್ಪದಪ್ಪ ಐಕಾನ್‌ಗಳೊಂದಿಗೆ ಬರುತ್ತದೆ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಕೀ ಒಟ್ಟಿಗೆ ಒತ್ತುತ್ತೇನೆ. ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ, ತೆರೆದ ಫೈಲುಗಳಿಗೆ ಏನೂ ಆಗುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ಕೇಬಲ್ ಕಿತ್ತು ಮತ್ತೆ ಸಿಕ್ಕಿಸುತ್ತೇನೆ.