ಹತ್ತು ಷೇರು ಒಂದಾಗುತ್ತದೆಂಬ ನೋಟಿಸ್ ಬಂದಾಗ

ಎರಡು–ಮೂರು ರೂಪಾಯಿಯ ಷೇರು ಕೊಂಡಿಟ್ಟವರು ಶಿರಸಿಯ ಅಡಿಕೆ ಬೆಳೆಗಾರರಲ್ಲೂ ಇದ್ದಾರೆ, ಕಾರವಾರದ ದೋಣಿ ಮಾಲೀಕರಲ್ಲೂ ಇದ್ದಾರೆ. ದಾಂಡೇಲಿಯ ಕಾಗದ ಕಾರ್ಖಾನೆಯಾದರೆ ಹೋಗಿ ಕಣ್ಣಾರೆ ನೋಡಿ ಬರಬಹುದು. ಇಂಥ ಕಂಪನಿಗಳಲ್ಲಿ ನೋಡಲಿಕ್ಕೆ ಸಿಗುವುದು ಕಾಗದಪತ್ರ ಮಾತ್ರ. ಹಾಗಾಗಿ ಸಭೆಯ ನೋಟಿಸ್ ಇ–ಮೇಲ್‌ಗೆ ಬಂದರೆ ಅಳಿಸದೆ ತೆರೆದು ಓದಬೇಕು. ಅದರಲ್ಲಿ ಕೆಲವೊಮ್ಮೆ ಎರಡು ವಿಷಯ ಜೊತೆಯಾಗಿ ಇರುತ್ತವೆ: ₹1 ಮುಖಬೆಲೆಯ (ಪೇಟೆಯ ದರವಲ್ಲ, ಕಂಪನಿಯ ದಾಖಲೆಯಲ್ಲಿ ನಮೂದಾದ ಬೆಲೆ) 10 ಷೇರು ಸೇರಿಸಿ ₹10ರ ಒಂದು ಷೇರು ಮಾಡುವುದು, ಆಯ್ದ ಕೆಲವರಿಗೆ ವಾರಂಟ್ (ಈಗಲೇ ನಿಗದಿಯಾದ ದರಕ್ಕೆ ಮುಂದೆ ಹೊಸ ಷೇರು ಪಡೆಯುವ ಹಕ್ಕು) ಕೊಟ್ಟು ಹಣ ಎತ್ತುವುದು. ಜನ ಗಾಬರಿಯಾಗುವುದು ಮೊದಲನೆಯದಕ್ಕೆ. ಗಾಬರಿಯಾಗಬೇಕಾದದ್ದು, ಆಗುವುದಿದ್ದರೆ, ಎರಡನೆಯದಕ್ಕೆ.

ಒಗ್ಗೂಡಿಕೆ ಎಂದರೆ ಹತ್ತು ಪಹಣಿಯಲ್ಲಿದ್ದ ತೋಟವನ್ನು ಒಂದೇ ಪಹಣಿಗೆ ತಂದ ಹಾಗೆ. ಮರ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ವಾರಂಟ್ ಎಂದರೆ ತೋಟಕ್ಕೆ ಹೊಸ ಹಿಸೆದಾರ ಬರುವುದು. ಅವನು ಎಷ್ಟು ದುಡ್ಡು ತರುತ್ತಾನೆ, ಯಾವಾಗ ತರುತ್ತಾನೆ, ಅದರಲ್ಲಿ ಸಸಿ ನೆಡುತ್ತಾರೋ ಹಳೇ ಸಾಲ ತೀರಿಸುತ್ತಾರೋ ಎಂಬುದೇ ಪ್ರಶ್ನೆ.

ಮೊದಲ ಹೆಜ್ಜೆ: ಇದು ನಿಜವಾಗಿ ಒಗ್ಗೂಡಿಕೆಯೇ?

₹1ರ 10 ಷೇರು ಹೋಗಿ ₹10ರ ಒಂದು ಬಂದರೆ ಒಗ್ಗೂಡಿಕೆ. ₹1ರ 10 ಹೋಗಿ ₹1ರದ್ದೇ ಒಂದು ಬಂದರೆ ಅದು ಬಂಡವಾಳ ಕಡಿತ. ಕಂಪನಿ ಕಾಯ್ದೆ 2013ರಲ್ಲಿ ಒಗ್ಗೂಡಿಕೆಗೆ 61ನೇ ಸೆಕ್ಷನ್, ಕಡಿತಕ್ಕೆ 66ನೇ ಸೆಕ್ಷನ್. ಕಡಿತಕ್ಕೆ ಷೇರುದಾರರ ವಿಶೇಷ ನಿರ್ಣಯದ ಜೊತೆಗೆ ಎನ್‌ಸಿಎಲ್‌ಟಿ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ಒಪ್ಪಿಗೆಯೂ ಬೇಕು. ನೋಟಿಸ್‌ನಲ್ಲಿ ಸೆಕ್ಷನ್ ಸಂಖ್ಯೆ ನೋಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಕಡಿತದಲ್ಲಿ ಎಲ್ಲರ ಷೇರೂ ಒಂದೇ ಪ್ರಮಾಣದಲ್ಲಿ ಇಳಿಯುತ್ತದೋ, ಪ್ರವರ್ತಕರದ್ದು (ಕಂಪನಿ ಕಟ್ಟಿ ಹಿಡಿತದಲ್ಲಿಟ್ಟುಕೊಂಡವರದ್ದು) ಹಾಗೇ ಉಳಿಯುತ್ತದೋ ಎಂದು ನೋಡಿ.

ಎರಡನೆಯ ಹೆಜ್ಜೆ: ಪೆನ್ನು ಹಿಡಿದು ಲೆಕ್ಕ

ಒಂದು ಕಾಲ್ಪನಿಕ ಕಂಪನಿ ಇಟ್ಟುಕೊಳ್ಳೋಣ. 20 ಕೋಟಿ ಷೇರು, ದರ ₹2.40, ಒಟ್ಟು ಮೌಲ್ಯ ₹48 ಕೋಟಿ. ಒಗ್ಗೂಡಿಸಿದ ಮೇಲೆ 2 ಕೋಟಿ ಷೇರು, ದರ ₹24. ಮೌಲ್ಯ ಅದೇ ₹48 ಕೋಟಿ. ನಿಮ್ಮ 1 ಲಕ್ಷ ಷೇರು 10,000 ಆಯಿತು. ಪಾಲು ಮೊದಲೂ ಶೇ 0.05, ಈಗಲೂ ಶೇ 0.05.

ಇದರ ಮೇಲೆ ₹25ರಂತೆ 3 ಕೋಟಿ ವಾರಂಟ್. ಎಲ್ಲವೂ ಷೇರಾದರೆ ಒಟ್ಟು 5 ಕೋಟಿ. ನಿಮ್ಮ ಪಾಲು ಶೇ 0.02ಕ್ಕೆ ಇಳಿಯಿತು. ಪಾಲು ಇಳಿದದ್ದೇ ನಷ್ಟವಲ್ಲ. ₹48 ಕೋಟಿಗೆ ₹75 ಕೋಟಿ ಸೇರಿ ₹123 ಕೋಟಿ, ಐದು ಕೋಟಿಯಿಂದ ಭಾಗಿಸಿದರೆ ಷೇರಿಗೆ ₹24.60. ಅದೇ ವಾರಂಟನ್ನು ₹12ಕ್ಕೆ ಕೊಟ್ಟಿದ್ದರೆ ₹84 ಕೋಟಿ ಭಾಗಿಸು 5 ಕೋಟಿ, ₹16.80. ಆ ₹7.20 ನಿಮ್ಮ ಜೇಬಿನಿಂದ ಹೊಸಬರ ಜೇಬಿಗೆ ಹೋದದ್ದು. ಇದನ್ನು ತಡೆಯಲೆಂದೇ ಷೇರುಪೇಟೆಯ ನಿಯಂತ್ರಕ ಸೆಬಿ ಕನಿಷ್ಠ ದರ ಕಟ್ಟಿದೆ: ವಹಿವಾಟು ಚೆನ್ನಾಗಿರುವ ಷೇರಿಗೆ ಹಿಂದಿನ 90 ಮತ್ತು 10 ವಹಿವಾಟು ದಿನಗಳ ಸರಾಸರಿಗಳಲ್ಲಿ ಯಾವುದು ಹೆಚ್ಚೋ ಅದು. ಸಭೆಗೆ 30 ದಿನ ಮೊದಲಿನ ದಿನದಿಂದ ಹಿಂದಕ್ಕೆ ಎಣಿಕೆ. ಆ ಅವಧಿಯಲ್ಲಿ ದರ ಕಾರಣವಿಲ್ಲದೆ ಮಲಗಿದ್ದು, ನೋಟಿಸ್ ಬಂದ ಮೇಲೆ ದಿನವೂ ಅಪ್ಪರ್ ಸರ್ಕ್ಯೂಟ್ (ಒಂದು ದಿನದಲ್ಲಿ ದರ ಏರಬಹುದಾದ ಗರಿಷ್ಠ ಮಿತಿ) ಹೊಡೆಯುತ್ತಿದ್ದರೆ ಅನುಮಾನಪಡಿ.

ಮೂರನೆಯ ಹೆಜ್ಜೆ: ಹಣ ನಿಜವಾಗಿ ಬಂತೇ?

ಹೆಚ್ಚಿನವರು ಎಡವುವುದು ಇಲ್ಲೇ. ‘₹75 ಕೋಟಿ ಎತ್ತಲಿದೆ’ ಎಂದು ಸುದ್ದಿಯಾಗುತ್ತದೆ. ಆದರೆ ವಾರಂಟ್ ಪಡೆದವರು ಮೊದಲು ಕೊಡಬೇಕಾದದ್ದು ಕಾಲು ಭಾಗ ಮಾತ್ರ, ಅಂದರೆ ₹18.75 ಕೋಟಿ. ಉಳಿದದ್ದಕ್ಕೆ 18 ತಿಂಗಳ ಗಡುವು. ದರ ₹60ಕ್ಕೆ ಏರಿದರೆ ಅವರು ಉಳಿದ ₹18.75 ಕೊಟ್ಟು ಷೇರು ಪಡೆಯುತ್ತಾರೆ. ₹10ಕ್ಕೆ ಬಿದ್ದರೆ ಕೊಟ್ಟ ₹6.25 ಬಿಟ್ಟು ಎದ್ದು ಹೋಗುತ್ತಾರೆ. ₹24ರಲ್ಲಿ ಕುಳಿತ ನಿಮಗೆ ಆಗ ₹14 ನಷ್ಟ, ಕಂಪನಿಗೆ ಅರ್ಧ ಕಟ್ಟಿದ ಘಟಕ.

ಆದ್ದರಿಂದ ₹18.75 ಕೋಟಿಯೊಂದನ್ನೇ ಹಿಡಿದು ಲೆಕ್ಕ ಹಾಕಿ. ನಗದು ಹರಿವಿನ ಪಟ್ಟಿ ಸೆಪ್ಟೆಂಬರ್ ಮತ್ತು ಮಾರ್ಚ್ ಅವಧಿಯ ಫಲಿತಾಂಶದ ಜೊತೆ ಸಿಗುತ್ತದೆ. ವರ್ಷಕ್ಕೆ ₹12 ಕೋಟಿ ಕರಗುತ್ತಿದ್ದರೆ ಈ ಹಣ ಒಂದೂವರೆ ವರ್ಷಕ್ಕೆ ಸರಿಹೋಯಿತು. ಆಮೇಲೆ ಮತ್ತೊಂದು ನೋಟಿಸ್.

ನಾಲ್ಕನೆಯ ಹೆಜ್ಜೆ: ಯಾರಿಗೆ, ಯಾತಕ್ಕೆ?

ನೋಟಿಸ್‌ನ ಹಿಂಭಾಗದ ವಿವರಣಾ ಪತ್ರದಲ್ಲಿ ಹಂಚಿಕೆಯ ಪಟ್ಟಿ ಇರುತ್ತದೆ. ಪ್ರತಿ ಸಂಸ್ಥೆಯ ಎದುರು ಅದರ ಅಂತಿಮ ಮಾಲೀಕರ ಹೆಸರೂ ಇರಬೇಕು. ಹತ್ತು ಬೇರೆ ಬೇರೆ ಸಂಸ್ಥೆ, ವಿಳಾಸ ಮಾತ್ರ ಒಂದೇ ಎಂದಾದರೆ ಎಚ್ಚರ. ಒಬ್ಬರು, ಅಥವಾ ಒಟ್ಟಾಗಿ ನಡೆಯುವ ಗುಂಪು, ಶೇ 25ರಷ್ಟು ಮತದಾನದ ಹಕ್ಕು ಮುಟ್ಟಿದರೆ ಉಳಿದ ಷೇರುದಾರರಿಗೆ ಶೇ 26ರಷ್ಟು ಷೇರಿನ ಓಪನ್ ಆಫರ್ (ಅವರಿಂದ ಷೇರು ಕೊಳ್ಳುವ ಬಹಿರಂಗ ಪ್ರಸ್ತಾಪ) ಕೊಡಬೇಕಾಗುತ್ತದೆ. ಅದನ್ನು ತಪ್ಪಿಸಲು ಪಾಲನ್ನು ಚೂರು ಮಾಡಿ ಹಂಚುವವರಿದ್ದಾರೆ. ಉದ್ದೇಶದ ಕಾಲಂನಲ್ಲಿ ಯಂತ್ರ, ಜಾಗ, ಗಡುವು ಸ್ಪಷ್ಟವಾಗಿದ್ದರೆ ಒಳ್ಳೆಯದು. ‘ಅಂಗಸಂಸ್ಥೆಗೆ ಸಾಲ’, ‘ದುಡಿಮೆ ಬಂಡವಾಳ’ ಎಂದಷ್ಟೇ ಇದ್ದರೆ ಆ ಅಂಗಸಂಸ್ಥೆಯ ಬ್ಯಾಲೆನ್ಸ್ ಶೀಟ್ ಹುಡುಕಿ.

ಪ್ರವರ್ತಕರಲ್ಲದವರ ಷೇರಿಗೆ ವಹಿವಾಟಿನ ಅನುಮತಿ ಸಿಕ್ಕಂದಿನಿಂದ 6 ತಿಂಗಳ ಲಾಕ್–ಇನ್, ಅಂದರೆ ಅಲ್ಲಿಯವರೆಗೆ ಮಾರುವಂತಿಲ್ಲ. ಅದು ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಅಂದು ಯಾರ ಕೈಯಲ್ಲಿ ಮಾಲು ಮಾರಲು ಸಿದ್ಧವಾಗಿ ಕೂತಿದೆ ಎಂಬುದು ಆಗ ಗೊತ್ತಿರುತ್ತದೆ.

ಐದನೆಯ ಹೆಜ್ಜೆ: ಮತ ಹಾಕುವುದು

‘ನಮ್ಮ ಸಾವಿರ ಷೇರಿಗೆ ಯಾರು ಕೇಳುತ್ತಾರೆ ಮಾರಾಯ್ರೆ’ ಎನ್ನಬೇಡಿ. ವಾರಂಟ್ ಹಂಚಿಕೆಗೆ ವಿಶೇಷ ನಿರ್ಣಯ ಬೇಕು. ಬಿದ್ದ ಮತಗಳಲ್ಲಿ ಪರವಾದದ್ದು ವಿರೋಧದ ಮೂರು ಪಟ್ಟಾದರೂ ಇರಬೇಕು. ಎಣಿಕೆ ಬಿದ್ದ ಮತಕ್ಕೆ, ಇರುವ ಷೇರಿಗಲ್ಲ. ಪ್ರವರ್ತಕರ ಪಾಲು ಶೇ 20ರಷ್ಟೇ ಇರುವ ಕಂಪನಿಯಲ್ಲಿ ಸಣ್ಣವರು ಒಂದಾದರೆ ನಿರ್ಣಯ ಬಿದ್ದು ಹೋಗಬಹುದು. ಡಿಮ್ಯಾಟ್ ಷೇರು ಇಟ್ಟುಕೊಳ್ಳುವ ಸಂಸ್ಥೆಗಳಾದ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್‌ನ ಇ–ವೋಟಿಂಗ್ ಪುಟಕ್ಕೆ ಮೊಬೈಲಿನಿಂದಲೇ ಹೋಗಬಹುದು. ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಕಿಟಕಿ ಮುಚ್ಚುತ್ತದೆ. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಒಟಿಪಿ ಬರುವುದು ಕಷ್ಟ. ಪೇಟೆಗೆ ಬಂದ ದಿನವೇ ಮುಗಿಸಿಬಿಡಿ. ಒಂದೊಂದು ನಿರ್ಣಯಕ್ಕೂ ಬೇರೆ ಮತ ಇರುವುದರಿಂದ ಒಗ್ಗೂಡಿಕೆಗೆ ಹೌದು, ವಾರಂಟ್‌ಗೆ ಬೇಡ ಎನ್ನಲಿಕ್ಕೆ ಅಡ್ಡಿಯಿಲ್ಲ.

ಆರನೆಯದು: ರೆಕಾರ್ಡ್ ದಿನದ ಆಚೀಚೆ

ಯಾರ ಬಳಿ ಎಷ್ಟು ಷೇರಿದೆ ಎಂದು ಕಂಪನಿ ಲೆಕ್ಕ ಹಿಡಿಯುವ ದಿನವೇ ರೆಕಾರ್ಡ್ ದಿನ. ಅಂದು ನಿಮ್ಮಲ್ಲಿ 12,345 ಷೇರಿದ್ದರೆ 1,234 ಬರುತ್ತದೆ, ಅರ್ಧ ಷೇರು ಮಿಕ್ಕುತ್ತದೆ. ಹೀಗೆ ಮಿಕ್ಕಿದ ಚೂರುಗಳನ್ನು ಸಾಮಾನ್ಯವಾಗಿ ಒಬ್ಬ ಟ್ರಸ್ಟಿ ಒಟ್ಟು ಮಾಡಿ ಮಾರಿ, ಹಣ ಹಂಚುತ್ತಾನೆ. ಬೇಡವೆಂದರೆ 5 ಷೇರು ಕೊಂಡು ಅಥವಾ ಮಾರಿ ಸರಿಮಾಡಿಕೊಳ್ಳಿ. ಖರೀದಿ ಖಾತೆಗೆ ಬರಲು ಒಂದು ವಹಿವಾಟು ದಿನ ಬೇಕು, ಕೊನೆಯ ಗಳಿಗೆಗೆ ಬಿಡಬೇಡಿ.

ಮುಖಬೆಲೆ ಬದಲಾದರೆ ಐಎಸ್‌ಐಎನ್ (ಷೇರಿನ ಗುರುತು) ಸಂಖ್ಯೆಯೂ ಬದಲು. ಹಳೆಯದು ನಿಂತು ಹೊಸದು ಚಾಲೂ ಆಗುವವರೆಗೆ ಮಾರಲಿಕ್ಕೆ ಆಗುವುದಿಲ್ಲ. ಆ ದುಡ್ಡು ತಿಂಗಳೊಳಗೆ ತೋಟದ ಕೆಲಸಕ್ಕೆ ಬೇಕಿದ್ದರೆ ಮೊದಲೇ ಮಾರಿಕೊಳ್ಳುವುದು ಲೇಸು. ಹೊಸ ಷೇರು ಬಂದ ಮೇಲೆ ಆ್ಯಪ್ ಹತ್ತು ಪಟ್ಟು ಲಾಭ ತೋರಿಸಿದರೆ ಹಿಗ್ಗಬೇಡಿ, ಹಳೇ ಸರಾಸರಿ ದರ ತಿದ್ದಿಲ್ಲ ಅಷ್ಟೆ. ₹2ಕ್ಕೆ ಕೊಂಡದ್ದು ಈಗ ₹20ಕ್ಕೆ ಕೊಂಡಂತೆ; ತೆರಿಗೆಗೂ ಅದೇ ಲೆಕ್ಕ, ಬ್ರೋಕರ್ ಕೊಟ್ಟ ಹಳೇ ಕಾಂಟ್ರ್ಯಾಕ್ಟ್ ನೋಟ್ (ಖರೀದಿ ಚೀಟಿ) ಇಟ್ಟುಕೊಳ್ಳಿ.

ಚೂರು ಷೇರಿನ ಹಣ ಬರದಿದ್ದರೆ ಮೊದಲು ಡಿಮ್ಯಾಟ್‌ನಲ್ಲಿರುವ ಬ್ಯಾಂಕ್ ವಿವರ ನೋಡಿ. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾದೊಳಗೆ ಸೇರಿತು, ಅದರ ಐಎಫ್‌ಎಸ್‌ಸಿ 2021ರ ಜುಲೈಯಿಂದ ನಡೆಯುವುದಿಲ್ಲ. ಹಳೇ ಸಂಖ್ಯೆ ಹಾಗೇ ಉಳಿದಿದ್ದರೆ ಹಣ ಮರಳಿ ಹೋಗಿರುತ್ತದೆ. ವಿವರ ತಿದ್ದಿಸಿ, ಕಂಪನಿಯ ಷೇರು ದಾಖಲೆ ನೋಡಿಕೊಳ್ಳುವ ರಿಜಿಸ್ಟ್ರಾರ್ ಸಂಸ್ಥೆಗೆ ಬರೆಯಿರಿ; ಉತ್ತರ ಬರದಿದ್ದರೆ ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು.