ಸಿಸ್‌ಪ್ಲಾಟಿನ್‌ಗೆ ಇನ್ನೆರಡು ಕೈ ಜೋಡಿಸಿದ್ದು: ನನ್ನ ಅನುಭವ

ಪಿಎಚ್‌ಡಿಯಲ್ಲಿ ನನ್ನ ಪಾಲಿಗೆ ಬಂದದ್ದು ಪ್ಲಾಟಿನಂ-ನಾಲ್ಕರ ಸಂಯುಕ್ತಗಳು, ಅಂದರೆ ಪ್ಲಾಟಿನಂ +4 ಉತ್ಕರ್ಷಣ ಸ್ಥಿತಿಯಲ್ಲಿರುವಂಥವು. ವೃಷಣ, ಅಂಡಾಶಯ, ಶ್ವಾಸಕೋಶದ ಕ್ಯಾನ್ಸರ್ ಗಡ್ಡೆಗಳಿಗೆ ಸಿಸ್‌ಪ್ಲಾಟಿನ್ ಅನ್ನೋ ಪ್ಲಾಟಿನಂ ಔಷಧಿ ಕೊಡುತ್ತಾರಲ್ಲ, ಅದಕ್ಕೆ ಮೇಲೊಂದು ಕೆಳಗೊಂದು ಪರಮಾಣುಗಳ ಗುಂಪು ಜೋಡಿಸಬೇಕು. ರಕ್ತದಲ್ಲಿ ಸುಮ್ನೆ ಸಾಗಿ, ಜೀವಕೋಶದ ಒಳಗೆ ಹೋದ ಮೇಲೆ ಅವೆರಡನ್ನೂ ಕಳಚಿಕೊಳ್ಳಲಿ ಅನ್ನೋದು ಲೆಕ್ಕಾಚಾರ. ಇದೇ ಜಾತಿಯ ಸಟ್ರಾಪ್ಲಾಟಿನ್ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಮೂರನೇ ಹಂತದ ಪ್ರಯೋಗದವರೆಗೂ ಹೋಯಿತು. ರೋಗ ಮುಂದುವರಿಯುವುದನ್ನು ತಡ ಮಾಡಿತು, ಆಯಸ್ಸು ಹೆಚ್ಚಿಸಲಿಲ್ಲ. ಹಾಗಾಗಿ ದೊಡ್ಡ ಕನಸೇನೂ ನನಗಿರಲಿಲ್ಲ.

ಮೊದಲು ಸಿಸ್‌ಪ್ಲಾಟಿನ್ ಬೇಕಲ್ವಾ? ನಾನೇ ಮಾಡಿಕೊಂಡೆ. 1970ರಲ್ಲಿ ಧಾರಾ ಅವರು ಇಂಡಿಯನ್ ಜರ್ನಲ್ ಆಫ್ ಕೆಮಿಸ್ಟ್ರಿಯಲ್ಲಿ ಬರೆದ ದಾರಿ ಇಂದಿಗೂ ಚಾಲ್ತಿಯಲ್ಲಿದೆ. ಕೆಂಪು ಪ್ಲಾಟಿನಂ ಲವಣದ ನೀರಿಗೆ ಪೊಟ್ಯಾಸಿಯಂ ಅಯೋಡೈಡ್ ಹಾಕಿದರೆ ಕಡು ಕಂದು ಬಣ್ಣ ಬರುತ್ತದೆ. ಅಮೋನಿಯಾ ಬಿಟ್ಟರೆ ಹಳದಿ ಪುಡಿ ತಳಕ್ಕೆ ಕೂರುತ್ತದೆ. ಅಯೋಡೈಡ್ ತನ್ನ ಎದುರಿನ ಜಾಗವನ್ನು ಸಡಿಲ ಮಾಡುತ್ತದೆ, ಅದಕ್ಕೇ ಎರಡನೇ ಅಮೋನಿಯಾ ಮೊದಲನೆಯದರ ಪಕ್ಕದಲ್ಲೇ ಬಂದು ಕೂರುವುದು. ಎದುರುಬದುರು ಕೂತರೆ ಅದು ಟ್ರಾನ್ಸ್‌ಪ್ಲಾಟಿನ್. ಪರಮಾಣುಗಳು ಅವೇ, ಔಷಧಿಯಾಗಿ ಪ್ರಯೋಜನವಿಲ್ಲ.

ಜೀವ ತಿನ್ನುವುದು ಆ ಹಳದಿ ಪುಡಿಯಿಂದ ಅಯೋಡೈಡ್ ಕಿತ್ತುಹಾಕುವ ಸಿಲ್ವರ್ ನೈಟ್ರೇಟ್ ಹಂತ. ಲೆಕ್ಕಕ್ಕಿಂತ ಕೂದಲೆಳೆಯಷ್ಟು ಕಮ್ಮಿಯೇ ಹಾಕುತ್ತಿದ್ದೆ. ಬೆಳ್ಳಿ ಉಳಿದರೆ ಆಮೇಲೆ ಪರೀಕ್ಷೆಯಲ್ಲಿ ಜೀವಕೋಶ ಸತ್ತದ್ದು ಪ್ಲಾಟಿನಮ್ಮಿಂದಲೋ ಬೆಳ್ಳಿಯಿಂದಲೋ ಹೇಳೋಕಾಗಲ್ಲ. ಫ್ಲಾಸ್ಕಿಗೆ ಫಾಯಿಲ್ ಸುತ್ತಿ ರಾತ್ರಿಯಿಡೀ ತಿರುಗಲು ಬಿಡಬೇಕು. ಸಿಲ್ವರ್ ಅಯೋಡೈಡ್ ಬಲು ನುಣ್ಣಗಿನ ಪುಡಿ, ಮಾಮೂಲಿ ಫಿಲ್ಟರ್ ಪೇಪರನ್ನು ದಾಟಿಬಿಡುತ್ತದೆ. ಸೀಲೈಟ್ ಅನ್ನೋ ಸೋಸುವ ಪುಡಿ ಹಾಸಿ ಸೋಸಿ, ನೀರು ಪೂರ್ತಿ ತಿಳಿಯಾದ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿದರೆ ಸಿಸ್‌ಪ್ಲಾಟಿನ್ ಇಳಿಯುತ್ತದೆ. ಕೈಗವಸು, ಫ್ಯೂಮ್ ಹುಡ್ ಇಲ್ಲದೆ ಆ ಪುಡಿಯ ಹತ್ತಿರ ಹೋಗಬಾರದು; ಅದು ಡಿಎನ್‌ಎಗೇ ಅಂಟುವ ವಸ್ತು.

ಬಂದದ್ದು ಸಿಸ್ ಹೌದೋ ಅಲ್ಲವೋ ನೋಡಲು ಎನ್‌ಎಂಆರ್ ಇದೆ, ಕಾಂತಕ್ಷೇತ್ರದಲ್ಲಿಟ್ಟು ಅಣುವಿನ ರಚನೆ ತಿಳಿಯುವ ಯಂತ್ರ. ನನಗೆ ಮಾತ್ರ ಹಳೆಯ ಕುರ್ನಾಕೊವ್ ಪರೀಕ್ಷೆಯೇ ಇಷ್ಟ. ಚಿಟಿಕೆ ಪುಡಿಯನ್ನು ಥಯೋಯೂರಿಯಾ ಜೊತೆ ಬಿಸಿ ಮಾಡಿ ಆರಲು ಬಿಡಿ. ಹಳದಿ ಸೂಜಿಗಳು ಬಂದರೆ ಸಿಸ್, ಬಿಳಿ ಬಂದರೆ ಟ್ರಾನ್ಸ್.

ಮುಂದಿನದು ಸುಲಭ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಬಿಸಿ ಮಾಡಿದರೆ ಮೇಲೊಂದು ಕೆಳಗೊಂದು ಹೈಡ್ರಾಕ್ಸೈಡ್ ಸೇರಿಕೊಳ್ಳುತ್ತವೆ. ಅವಕ್ಕೆ ಸಕ್ಸಿನಿಕ್ ಅನ್‌ಹೈಡ್ರೈಡ್ ಕೊಟ್ಟು ಬಾಲ ಉದ್ದ ಮಾಡಿದೆ.

ಜೀವಕೋಶದ ಪರೀಕ್ಷೆಗೆ ಹೋಗುವವರಿಗೆ ಒಂದು ಮಾತು. ಹೋಲಿಕೆಗೆ ಇಡುವ ಸಿಸ್‌ಪ್ಲಾಟಿನನ್ನು ಡಿಎಂಎಸ್‌ಒ ಅನ್ನೋ ದ್ರಾವಕದಲ್ಲಿ ಕರಗಿಸಬೇಡಿ. ಆ ದ್ರಾವಕ ಕ್ಲೋರೈಡನ್ನು ಎಬ್ಬಿಸಿ ತಾನೇ ಕೂರುತ್ತದೆ, ಔಷಧಿ ಪೆಟ್ಟು ಕಳೆದುಕೊಳ್ಳುತ್ತದೆ. ಆಗ ನಿಮ್ಮ ಹೊಸ ಸಂಯುಕ್ತ ಇಲ್ಲದ ಗೆಲುವು ತೋರಿಸುತ್ತದೆ. ಸಲೈನ್‌ನಲ್ಲೇ (ಉಪ್ಪುನೀರಿನಲ್ಲೇ) ಕರಗಿಸಿ, ನಿಧಾನ ಆದರೂ ಪರವಾಗಿಲ್ಲ.